ವಾಗ್ದಾನದ ಕಾರ್ಡು ಸುಳ್ಳಾಯಿತಾ?

ಪ್ರಶ್ನೆ: ಅಯ್ಯನವರಿಗೆ ವಂದನೆಗಳು. ಹೊಸ ವರ್ಷದ ರಾತ್ರಿಯ ಆರಾಧನೆಯಲ್ಲಿ ನಾನು ತೆಗೆದ ವಾಗ್ದಾನದ ಕಾರ್ಡಿನಲ್ಲಿ ಯೆರೆಮೀಯ 29:11 ಇತ್ತು. ದೇವರು ನಮಗೆ ಕೇಡನ್ನಲ್ಲ, ಹಿತವನ್ನೇ ಯೋಚಿಸುತ್ತಾನೆ ಅನ್ನುವ ವಚನ. ತುಂಬಾ ಸಂತೋಷವಾಗಿತ್ತು. ಮಾರ್ಚಿನಲ್ಲಿ ಮನೆಯವರ ಕೆಲಸ ಹೋಯಿತು. ಜೂನಿನಲ್ಲಿ ಅತ್ತೆಗೆ ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋಯಿತು. ಕೈಸಾಲ ಬೆಳೆಯುತ್ತಿದೆ. ಪ್ರತಿ ರಾತ್ರಿ 91ನೇ ಕೀರ್ತನೆ ಹೇಳಿಯೇ ಮಲಗುತ್ತೇನೆ. ಆದರೂ ಏನೂ ಬದಲಾಗಿಲ್ಲ. ಸಭೆಯಲ್ಲಿ ಕೆಲವರು ‘ನಿಮ್ಮ ನಂಬಿಕೆ ಸಾಲದು ಸಿಸ್ಟರ್’ ಅನ್ನುತ್ತಾರೆ. ಹೊರಗಿನಿಂದ ಬಂದ ಒಬ್ಬರು, ಹತ್ತು ಸಾವಿರ ರೂಪಾಯಿ ‘ಬೀಜದ ಕಾಣಿಕೆ’ (ಬಿತ್ತಿದ ಬೀಜದ ಹಾಗೆ ಹೆಚ್ಚಾಗಿ ತಿರುಗಿ ಬರುತ್ತದೆ ಎಂದು ಕೊಡುವ ಹಣ) ಕೊಟ್ಟರೆ ಸಾಲದ ನೊಗ ಮುರಿಯುತ್ತದೆ ಅಂದರು. ಈಗ ಬೈಬಲ್ ತೆರೆದರೆ ಮನಸ್ಸು ನಿಲ್ಲುವುದಿಲ್ಲ. ವಾಗ್ದಾನ ಸುಳ್ಳಾ? ಇಲ್ಲ ನನ್ನಲ್ಲೇ ತಪ್ಪಾ? ಬೈಬಲನ್ನು ಹೇಗೆ ಓದಲಿ? ಅತ್ತೆಗೆ ಏನು ಓದಿ ಹೇಳಲಿ?

ಉತ್ತರ:

ಸಹೋದರಿ, ಸುತ್ತಿ ಬಳಸಿ ಹೇಳುವುದು ಬೇಡ. ದೇವರ ವಾಗ್ದಾನ ಸುಳ್ಳಾಗಿಲ್ಲ. ನಿಮ್ಮ ನಂಬಿಕೆ ಕಡಿಮೆಯಾದ್ದಕ್ಕೆ ಅತ್ತೆಗೆ ಲಕ್ವ ಹೊಡೆಯಿತು ಅನ್ನುವ ಮಾತಿಗೆ ಬೈಬಲಿನಲ್ಲಿ ಆಧಾರವಿಲ್ಲ. ಆ ಹತ್ತು ಸಾವಿರ ಕೊಡಬೇಡಿ. ಇಷ್ಟು ಖಚಿತವಾಗಿ ಯಾಕೆ ಹೇಳುತ್ತೇನೆ ಅನ್ನುವುದನ್ನು ಈಗ ಬಿಡಿಸಿ ಬರೆಯುತ್ತೇನೆ. ಸ್ವಲ್ಪ ಉದ್ದವಾಗುತ್ತದೆ. ಅತ್ತೆಯವರು ಮಲಗಿದ ಮೇಲೆ, ಬಿಡುವು ಸಿಕ್ಕಾಗ ಓದಿ. ಪಕ್ಕದಲ್ಲಿ ನಿಮ್ಮ ಬೈಬಲ್ ಇರಲಿ.

ನಿಮ್ಮ ಕಾರ್ಡಿನಲ್ಲಿ ಇದ್ದದ್ದು ಒಂದು ಪತ್ರದ ಸಾಲು. ಮುಂಬೈಯಲ್ಲಿ ದುಡಿಯುವ ಅಣ್ಣ ನಾಲ್ಕು ಪುಟದ ಪತ್ರ ಬರೆದಿದ್ದಾನೆ ಅಂತ ಇಟ್ಟುಕೊಳ್ಳಿ. ಅದರಲ್ಲಿ ಚೆನ್ನಾಗಿರುವ ಒಂದು ಸಾಲನ್ನು ಕತ್ತರಿಸಿ ಗೋಡೆಗೆ ಅಂಟಿಸಿ, ಉಳಿದದ್ದನ್ನು ಓದದೆ ಮಡಚಿಡುತ್ತೇವಾ? ಇಲ್ಲ ಅಲ್ವಾ. ಹಾಗೇ ಯೆರೆಮೀಯನ 29ನೇ ಅಧ್ಯಾಯವನ್ನು ಮೊದಲ ವಚನದಿಂದ ಓದಿ. ಇದು ಪತ್ರ ಎಂದು ಅಲ್ಲೇ ಬರೆದಿದೆ. ಬರೆದವನು ಪ್ರವಾದಿ ಯೆರೆಮೀಯ, ಇದ್ದದ್ದು ಯೆರೂಸಲೇಮಿನಲ್ಲಿ. ಪತ್ರ ಹೋದದ್ದು ಬಾಬೆಲಿಗೆ.

ಆ ಪತ್ರ ಯಾರ ಕೈಗೆ ಹೋಯಿತು ನೋಡಿ. ಕ್ರಿ.ಪೂ. 597ರಲ್ಲಿ ಬಾಬೆಲಿನ ಅರಸ ನೆಬೂಕದ್ನೆಚ್ಚರ ಯೆರೂಸಲೇಮಿಗೆ ಮುತ್ತಿಗೆ ಹಾಕಿ, ಯೆಹೂದದ ಎಳೆಯ ಅರಸ, ಅವನ ತಾಯಿ, ಸರದಾರರು, ಬಡಗಿಗಳು, ಕಮ್ಮಾರರು ಎಲ್ಲರನ್ನೂ ಹಿಡಿದುಕೊಂಡು ಹೋದ. ಸೆರೆಗೆ ಬಿದ್ದು, ಸಾವಿರ ಮೈಲಿಯಷ್ಟು ಹಾದಿ ನಡೆದು, ಬೇರೆಯವರ ಭಾಷೆ, ಬೇರೆಯವರ ದೇವರುಗಳ ನಡುವೆ ನಿಂತ ಜನ ಅವರು. ಮನೆ ಹೋಗಿತ್ತು, ಹೊಲ ಹೋಗಿತ್ತು. ‘ನಿಮ್ಮ ಹಿತವನ್ನೇ ಯೋಚಿಸುತ್ತಿದ್ದೇನೆ’ ಎಂದು ದೇವರು ಹೇಳಿದ್ದು ಅವರಿಗೆ. ಎಲ್ಲಾ ಚೆನ್ನಾಗಿ ನಡೆಯುತ್ತಿದ್ದ ಮನೆಗೆ ಕಳಿಸಿದ ಮಾತಲ್ಲ ಅದು. ಎಲ್ಲಾ ಮುರಿದ ಮೇಲೆ ಬಂದ ಮಾತು. ನಿಮ್ಮ ಕಷ್ಟ ಆ ವಚನವನ್ನು ಸುಳ್ಳು ಮಾಡಲಾರದು. ನಿಮ್ಮಂಥವರಿಗಾಗಿಯೇ ಅದು ಮೊದಲು ಹೊರಟದ್ದು.

ಇನ್ನು ಒಂದೇ ವಚನ ಹಿಂದಕ್ಕೆ ಹೋಗಿ. 29:10. ಬಾಬೆಲಿಗೆ 70 ವರ್ಷ ತುಂಬಿದ ಮೇಲೆ ನಿಮ್ಮನ್ನು ತಿರುಗಿ ಕರೆತರುತ್ತೇನೆ ಎಂದಿದೆ. ಎಪ್ಪತ್ತು! ನಲವತ್ತರ ಪ್ರಾಯದಲ್ಲಿ ಆ ಪತ್ರ ಕೇಳಿದವನಿಗೆ ಇದರ ಅರ್ಥ ಏನು? ತಾನು ಊರು ನೋಡುವುದಿಲ್ಲ, ಮಕ್ಕಳು, ಮೊಮ್ಮಕ್ಕಳು ನೋಡಬಹುದು. ಆದರೂ ದೇವರು ಅದನ್ನು ಹಿತ ಎಂದೇ ಕರೆದ. ಕಾರ್ಡಿನಲ್ಲಿ 11ನೇ ವಚನ ಮಾತ್ರ ಅಚ್ಚಾಗುತ್ತದೆ, 10ನೇದು ಆಗುವುದಿಲ್ಲ. ಕಾರ್ಡು ಮಾಡುವವರ ಮೇಲೆ ನನಗೆ ಕೋಪವಿಲ್ಲ. ಎಷ್ಟೋ ಮನೆಗಳಲ್ಲಿ ವರ್ಷವಿಡೀ ಕಣ್ಣಿಗೆ ಬೀಳುವ ದೇವರ ವಾಕ್ಯ ಅದೊಂದೇ. ಆದರೆ ಹಿಂದಿನ ವಚನ ಇಲ್ಲದೆ ಓದಿದಾಗ, ದೇವರು ಡಿಸೆಂಬರಿನೊಳಗೆ ಎಲ್ಲ ಸರಿಮಾಡುತ್ತೇನೆ ಎಂದು ಮಾತು ಕೊಟ್ಟ ಹಾಗೆ ಕೇಳಿಸುತ್ತದೆ. ಆಮೇಲೆ ಮಾರ್ಚಿನಲ್ಲಿ ಕೆಲಸ ಹೋದರೆ ದೇವರೇ ಮಾತು ತಪ್ಪಿದ ಹಾಗೆ ಅನ್ನಿಸುತ್ತದೆ. ಆ ಗಡುವನ್ನು ದೇವರು ಕೊಟ್ಟಿರಲೇ ಇಲ್ಲ.

ಇದೇ ಕಾಲದಲ್ಲಿ ಯೆರೂಸಲೇಮಿನಲ್ಲಿ ಇನ್ನೊಬ್ಬ ಪ್ರವಾದಿ ಇದ್ದ. ಹನನ್ಯ ಎಂದು ಹೆಸರು. 28ನೇ ಅಧ್ಯಾಯ ಪೂರ್ತಿ ಅವನ ಕಥೆ. ಯೆರೆಮೀಯ ಕುತ್ತಿಗೆಗೆ ಮರದ ನೊಗ ಹಾಕಿಕೊಂಡು ತಿರುಗುತ್ತಿದ್ದ. ಬಾಬೆಲಿನ ಭಾರ ಸದ್ಯಕ್ಕೆ ಇಳಿಯುವುದಿಲ್ಲ ಎಂದು ಜನರಿಗೆ ಕಣ್ಣಾರೆ ತೋರಿಸಲಿಕ್ಕೆ. ಹನನ್ಯ ಜನರೆಲ್ಲರ ಮುಂದೆ ಬಂದು ಆ ನೊಗ ಕಿತ್ತು ಮುರಿದ. ಎರಡೇ ವರ್ಷ, ಎಲ್ಲರೂ ವಾಪಸ್ ಬರುತ್ತಾರೆ, ದೇವರೇ ಹೇಳಿದ್ದಾರೆ ಎಂದು ಸಾರಿದ. ಜನರಿಗೆ ಯಾರ ಮಾತು ಹಿತವಾಗಿ ಕೇಳಿರಬಹುದು? ಎರಡು ವರ್ಷದವನದ್ದೇ. ನನಗೆ ಈ ಅಧ್ಯಾಯದಲ್ಲಿ ಮನಸ್ಸಿಗೆ ತಟ್ಟುವುದು ಯೆರೆಮೀಯನ ಮೊದಲ ಮಾತು. ಅವನು ‘ಆಮೆನ್’ ಅನ್ನುತ್ತಾನೆ. ಯೆಹೋವನು ಹಾಗೇ ಮಾಡಲಿ ಅನ್ನುತ್ತಾನೆ. ಅವನಿಗೂ ಬೇಗ ಬಿಡುಗಡೆ ಆಗಲಿ ಎಂಬ ಆಸೆಯೇ ಇತ್ತು. ಆದರೆ ಆಸೆಯನ್ನು ದೇವರ ಮಾತು ಎಂದು ಮಾರಲಿಲ್ಲ. ಹನನ್ಯ ಮಾರಿದ. ಅವನ ಎರಡು ವರ್ಷದ ಮಾತು ಬಿದ್ದುಹೋಯಿತು.

ನಿಮಗೆ ‘ನೊಗ ಮುರಿಯುತ್ತದೆ’ ಅಂದವರ ಮಾತು ಕೇಳಿದ ಕೂಡಲೇ ನನಗೆ ಹನನ್ಯ ನೆನಪಾದ. ಅವರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಹಾಗಾದರೆ 70 ವರ್ಷ ಏನು ಮಾಡಬೇಕು? ಸುಮ್ನೆ ಕಾಯುವುದಾ? 5ರಿಂದ 7ನೇ ವಚನ ನೋಡಿ. ಮನೆ ಕಟ್ಟಿಕೊಳ್ಳಿ, ಅದರಲ್ಲಿ ವಾಸ ಮಾಡಿ. ತೋಟ ಮಾಡಿ, ಅದರ ಫಲ ಉಣ್ಣಿ. ಮಕ್ಕಳಿಗೆ ಮದುವೆ ಮಾಡಿ. ನೀವಿರುವ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿ, ಅದರ ಕ್ಷೇಮದಲ್ಲೇ ನಿಮ್ಮ ಕ್ಷೇಮ ಇದೆ. ಇಡೀ ಪತ್ರದಲ್ಲಿ ನಂಬಿಕೆ ಅಂದರೆ ಏನು ಎಂಬ ಪಾಠ ಇಲ್ಲೇ ಇದೆ ಎಂದು ನಾನು ತಿಳಿದಿದ್ದೇನೆ. ಸೆರೆಯ ಊರಲ್ಲಿ ತರಕಾರಿ ನೆಡುವುದು ನಂಬಿಕೆ. ಬಿಡುಗಡೆಯನ್ನು ತಾನು ನೋಡುತ್ತೇನೋ ಇಲ್ಲವೋ ಎಂದು ಗೊತ್ತಿಲ್ಲದೆ, ದೇವರು ನಮ್ಮನ್ನು ಮರೆತಿಲ್ಲ ಎಂಬ ಒಂದೇ ಧೈರ್ಯದ ಮೇಲೆ ಇವತ್ತಿನ ಕೆಲಸ ಮಾಡುವುದು ನಂಬಿಕೆ. ನೀವು ಬೆಳಿಗ್ಗೆ ಎದ್ದು ಅತ್ತೆಯವರ ಮೈ ಒರೆಸಿ, ಮಗ್ಗುಲು ಬದಲಾಯಿಸಿ, ಗಂಜಿ ಕುಡಿಸಿ, ಮಕ್ಕಳ ಡಬ್ಬಿ ಕಟ್ಟುತ್ತೀರಲ್ಲ, ಅದೂ ಇದೇ ಪಾಠ. ಅದನ್ನು ನಂಬಿಕೆ ಎಂದು ಯಾರೂ ನಿಮಗೆ ಹೇಳಿಲ್ಲ ಅಷ್ಟೇ.

ಆ ಜನ ನಿಜವಾಗಿ ಹಾಗೆ ಬದುಕಿದರು ಎನ್ನಲು ಬೈಬಲಿನ ಹೊರಗೂ ಸಾಕ್ಷಿ ಇದೆ. ಬಾಬೆಲಿನ ಅರಮನೆಯ ಅವಶೇಷಗಳಲ್ಲಿ ಸಿಕ್ಕ ಜೇಡಿಮಣ್ಣಿನ ಹಲಗೆಗಳಲ್ಲಿ, ಸೆರೆಯಾಗಿ ಹೋದ ಆ ಯೆಹೂದದ ಅರಸ ಯೆಹೋಯಾಖೀನನಿಗೂ ಅವನ ಗಂಡುಮಕ್ಕಳಿಗೂ ಕೊಟ್ಟ ಎಣ್ಣೆಯ ಲೆಕ್ಕ ಇದೆ. ಇನ್ನೊಂದು ಕಡೆ ಸಿಕ್ಕ ಹಲಗೆಗಳಲ್ಲಿ ‘ಅಲ್-ಯಾಹೂದು’ ಎಂಬ ಊರಿನ ಹೆಸರು ಬರುತ್ತದೆ. ಯೆಹೂದದಿಂದ ಬಂದವರು ನೆಲೆಸಿದ ಊರು ಅದು. ಆ ಹಲಗೆಗಳಲ್ಲಿ ಅತಿ ಹಳೆಯದು ಕ್ರಿ.ಪೂ. 572ರದ್ದು. ಹೊಲದ ಗೇಣಿ, ಬಾರ್ಲಿ, ಖರ್ಜೂರದ ಲೆಕ್ಕ, ತೆರಿಗೆ, ಸಾಲಪತ್ರ, ಇವೇ ಅದರಲ್ಲಿ ತುಂಬಿವೆ. ಸಾಲ ಅವರಿಗೂ ಇತ್ತು ಸಹೋದರಿ. ಎಷ್ಟೋ ಜನ ಮಕ್ಕಳಿಗೆ ಯೆಹೋವನ ಹೆಸರು ಸೇರಿಸಿಯೇ ಹೆಸರಿಟ್ಟಿದ್ದಾರೆ. ಸಾಲಪತ್ರದ ಮೇಲೆ ದೇವರ ಹೆಸರು ಹೊತ್ತ ಆ ಹೆಸರುಗಳನ್ನು ನೋಡಿದರೆ ನನಗೆ ಮನಸ್ಸು ತುಂಬುತ್ತದೆ. ಕ್ರಿ.ಪೂ. 539ರಲ್ಲಿ ಪಾರಸಿಯ ಅರಸ ಕೋರೆಷ ಬಾಬೆಲನ್ನು ಗೆದ್ದ. ಮರುವರ್ಷ ಊರಿಗೆ ಹೋಗಲು ಅಪ್ಪಣೆ ಸಿಕ್ಕಿತು. ಹೋದವರಲ್ಲಿ ಹೆಚ್ಚಿನವರು ಹುಟ್ಟಿದ್ದು ಬಾಬೆಲಿನಲ್ಲೇ.

ಈಗ 91ನೇ ಕೀರ್ತನೆ. ಅದನ್ನು ಹೇಳಿ ಮಲಗುವುದು ಒಳ್ಳೆಯ ಅಭ್ಯಾಸ, ಬಿಡಬೇಡಿ. ಆದರೆ ಒಂದು ಎಚ್ಚರ ಇರಲಿ. ಈ ಕೀರ್ತನೆಯನ್ನು ತಾಯಿತದ ಹಾಗೆ ಬಳಸುವುದು ಬಹಳ ಹಳೆಯದು. 1956ರಲ್ಲಿ ಲವಣ ಸಮುದ್ರದ ದಡದ ಕುಮ್ರಾನಿನ 11ನೇ ಗವಿಯಲ್ಲಿ ಹಳೆಯ ಸುರುಳಿಗಳು ಸಿಕ್ಕವು. ಅದರಲ್ಲಿ ಒಂದು ಸುರುಳಿ ದೆವ್ವ ಬಿಡಿಸುವಾಗ ಹೇಳುವ ಹಾಡುಗಳದ್ದು. 91ನೇ ಕೀರ್ತನೆ ಅದರಲ್ಲೂ ಇದೆ. ಯೇಸುಸ್ವಾಮಿಗೆ ಈ ಕೀರ್ತನೆಯನ್ನು ಎತ್ತಿ ಹೇಳಿದವನು ಯಾರು ಗೊತ್ತಲ್ಲ? ಸೈತಾನ. ದೇವಾಲಯದ ತುದಿಯಲ್ಲಿ ನಿಲ್ಲಿಸಿ, ಹಾರು, ದೂತರು ನಿನ್ನನ್ನು ಕೈಯಲ್ಲಿ ಎತ್ತಿಕೊಳ್ಳುತ್ತಾರೆ ಎಂದು ಬರೆದಿದೆಯಲ್ಲ ಅಂದ (ಮತ್ತಾಯ 4:6). ವಚನ ಸರಿಯಾಗಿಯೇ ಇತ್ತು. ಯೇಸು ಹಾರಲಿಲ್ಲ. ದೇವರನ್ನು ಪರೀಕ್ಷಿಸಬಾರದು ಎಂದೂ ಬರೆದಿದೆ ಅಂದರು. ಒಂದು ವಚನವನ್ನು ಹಿಡಿದು ದೇವರ ಕೈ ತಿರುಚುವುದು ನಂಬಿಕೆಯಾಗುವುದಿಲ್ಲ ಎಂದು ಅಲ್ಲಿ ತಿಳಿಯುತ್ತದೆ.

ಅದೇ ಕೀರ್ತನೆಯ 15ನೇ ವಚನವನ್ನು ಇವತ್ತು ರಾತ್ರಿ ನಿಧಾನವಾಗಿ ಓದಿ. ಇಕ್ಕಟ್ಟಿನಲ್ಲಿ ಅವನ ಹತ್ತಿರ ಇರುತ್ತೇನೆ ಎಂದು ದೇವರು ಹೇಳುತ್ತಾರೆ. ಇಕ್ಕಟ್ಟೇ ಬಾರದು ಎಂದಿದ್ದರೆ ಈ ವಚನದ ಅಗತ್ಯ ಏನಿತ್ತು?

ಮೂರನೆಯದಾಗಿ, ‘ನಂಬಿಕೆ ಸಾಲದು’ ಅನ್ನುವವರ ಮಾತು. ಇದು ನನಗೆ ತುಂಬಾ ನೋವು ಕೊಡುವ ವಿಷಯ, ಯಾಕೆಂದರೆ ಬಿದ್ದವರ ಬೆನ್ನ ಮೇಲೆ ಇನ್ನೊಂದು ಮೂಟೆ ಹೇರಿದ ಹಾಗೆ ಆಗುತ್ತದೆ. ಹೇಳುವವರಲ್ಲಿ ಹೆಚ್ಚಿನವರು ಕೆಟ್ಟವರಲ್ಲ. ಅವರಿಗೆ ಭಯ. ನಂಬಿಕೆ ಇದ್ದವರ ಮನೆಗೂ ಲಕ್ವ ಬರುತ್ತದೆ ಎಂದು ಒಪ್ಪಿಕೊಂಡರೆ, ನಾಳೆ ತಮ್ಮ ಮನೆಗೂ ಬರಬಹುದಲ್ಲ! ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡ ಯೋಬನ ಗೆಳೆಯರು ಮಾಡಿದ್ದೂ ಇದನ್ನೇ. ಏಳು ದಿನ ಅವನ ಜೊತೆ ನೆಲದ ಮೇಲೆ ಮಾತಾಡದೆ ಕೂತಿದ್ದರು. ಅಲ್ಲಿಯವರೆಗೆ ಒಳ್ಳೆಯ ಗೆಳೆಯರು. ಬಾಯಿ ತೆರೆದ ಮೇಲೆ, ನೀನು ಏನೋ ತಪ್ಪು ಮಾಡಿರಬೇಕು ಎಂದು ಹಿಡಿದ ಹಟ ಬಿಡಲಿಲ್ಲ. ಕೊನೆಗೆ 42:7ರಲ್ಲಿ ದೇವರು ಯಾರ ಮೇಲೆ ಸಿಟ್ಟಾದರು ನೋಡಿ. ಗೆಳೆಯರ ಮೇಲೆ. ಕೂಗಾಡಿ, ಅತ್ತು, ದೇವರ ಹತ್ತಿರವೇ ವಾದ ಮಾಡಿದ ಯೋಬ ಸರಿಯಾಗಿ ಮಾತಾಡಿದ್ದಾನೆ ಅಂದರು.

ಪೌಲನ ಜೊತೆಗಾರರನ್ನು ನೋಡಿ. ಎಪಫ್ರೊದೀತ ಕಾಯಿಲೆ ಬಿದ್ದು ಸಾಯುವ ಹಾಗಾಗಿದ್ದ (ಫಿಲಿಪ್ಪಿ 2:27). ತಿಮೊಥೆಗೆ ಮೇಲಿಂದ ಮೇಲೆ ಹೊಟ್ಟೆಯ ತೊಂದರೆ. ಅವನಿಗೆ ಪೌಲ ಬರೆದ ಮದ್ದು, ಸ್ವಲ್ಪ ದ್ರಾಕ್ಷಾರಸ ಕುಡಿ ಎಂದು. ತ್ರೊಫಿಮನನ್ನು ಮಿಲೇತದಲ್ಲಿ ಕಾಯಿಲೆಯಲ್ಲೇ ಬಿಟ್ಟು ಬರಬೇಕಾಯಿತು (2 ತಿಮೊಥೆ 4:20). ಎಷ್ಟೋ ರೋಗಿಗಳ ಮೇಲೆ ಕೈಯಿಟ್ಟು ಪ್ರಾರ್ಥಿಸಿದ ಪೌಲ, ಈ ಮೂವರಲ್ಲಿ ಯಾರಿಗೂ ನಿನ್ನ ನಂಬಿಕೆ ಸಾಲದು ಎಂದು ಬರೆಯಲಿಲ್ಲ. ಲೂಕನನ್ನು ಪ್ರಿಯನಾದ ವೈದ್ಯ ಎಂದು ಕರೆದ. ಹಾಗಾಗಿ ಅತ್ತೆಯವರ ರಕ್ತದೊತ್ತಡದ ಮಾತ್ರೆ, ಫಿಸಿಯೊಥೆರಪಿ ಯಾವುದನ್ನೂ ನಂಬಿಕೆಯ ಹೆಸರಿನಲ್ಲಿ ನಿಲ್ಲಿಸಬೇಡಿ. ಯಾರಾದರೂ ಮಾತ್ರೆ ಬಿಡಿ, ಪ್ರಾರ್ಥನೆ ಸಾಕು ಎಂದರೆ ಅವರ ಮಾತು ಕೇಳಲೇಬೇಡಿ.

ನಂಬಿಕೆ ನಿಜವಾಗಿಯೂ ಕಡಿಮೆ ಅನ್ನಿಸಿದಾಗ ಏನು ಮಾಡುವುದು? ಮಾರ್ಕ 9ನೇ ಅಧ್ಯಾಯದ ಆ ತಂದೆಯನ್ನು ಓದಿ. ಮಗನಿಗೆ ಚಿಕ್ಕಂದಿನಿಂದ ಕಾಯಿಲೆ. ಬೆಂಕಿಗೆ, ನೀರಿಗೆ ಬೀಳುತ್ತಿದ್ದ. ಶಿಷ್ಯರ ಹತ್ತಿರ ಕರೆದುಕೊಂಡು ಹೋದ, ಅವರ ಕೈಲಿ ಆಗಲಿಲ್ಲ. ಆ ತಂದೆ ಯೇಸುವಿಗೆ ಹೇಳಿದ್ದು ಇಷ್ಟೇ: ನಂಬುತ್ತೇನೆ, ನನ್ನ ಅಪನಂಬಿಕೆಗೂ ನೀನೇ ಸಹಾಯ ಮಾಡು. ಮೊದಲು ನಂಬಿಕೆ ಗಟ್ಟಿ ಮಾಡಿಕೊಂಡು ಬಾ ಎಂದು ಯೇಸು ಅವನನ್ನು ವಾಪಸ್ ಕಳಿಸಲಿಲ್ಲ. ಅರ್ಧ ನಂಬಿಕೆಯ ಆ ಪ್ರಾರ್ಥನೆಗೇ ಉತ್ತರ ಕೊಟ್ಟರು. ಬೇರೆ ಯಾವ ಪ್ರಾರ್ಥನೆಯೂ ಬಾಯಿಗೆ ಬಾರದ ದಿನ ಇದೊಂದನ್ನು ಹೇಳಿ.

ಬೈಬಲ್ ತೆರೆದರೆ ಮನಸ್ಸು ನಿಲ್ಲುವುದಿಲ್ಲ ಅಂದಿರಿ. ನಿದ್ದೆ ಕೆಟ್ಟ ಮೈಗೆ, ಸಾಲದ ಚಿಂತೆ ಇರುವ ತಲೆಗೆ ಅದು ಸಹಜ. ದಿನಕ್ಕೆ ಮೂರು ಅಧ್ಯಾಯ ಎಂಬ ಲೆಕ್ಕವನ್ನು ಸದ್ಯಕ್ಕೆ ಕೆಳಗಿಡಿ. ಒಂದು ಕೀರ್ತನೆ ಸಾಕು. 13ನೇದರಿಂದ ಶುರು ಮಾಡಿ, ಆರೇ ವಚನ. ಮೊದಲ ಎರಡು ವಚನದಲ್ಲಿ ನಾಲ್ಕು ಸಲ ‘ಎಷ್ಟರವರೆಗೆ’ ಎಂದು ಕೇಳುತ್ತಾನೆ ದಾವೀದ. ನನ್ನನ್ನು ಸದಾ ಮರೆತೇಬಿಡುತ್ತೀಯಾ ಎಂದು ದೇವರ ಮುಖಕ್ಕೇ ಕೇಳುತ್ತಾನೆ. ನಾವು ಪ್ರಾರ್ಥನೆಯಲ್ಲಿ ಹೀಗೆ ಮಾತಾಡಲು ಹೆದರುತ್ತೇವೆ. ಸ್ತೋತ್ರ, ಸ್ತೋತ್ರ ಎಂದು ಮೇಲೆ ಮೇಲೆ ಹೇಳಿ ಒಳಗಿನದನ್ನು ಮುಚ್ಚಿಡುತ್ತೇವೆ. 150 ಕೀರ್ತನೆಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು ಇಂಥ ಗೋಳಿನ, ದೂರಿನ ಕೀರ್ತನೆಗಳೇ. ದೇವರು ತಮ್ಮ ಜನರ ಬಾಯಿಗೆ ಆ ಮಾತುಗಳನ್ನು ಕೊಟ್ಟಿದ್ದಾರೆ. ಕೊಟ್ಟದ್ದನ್ನು ಬಳಸಿ.

13ನೇ ಕೀರ್ತನೆಯಲ್ಲಿ ಇನ್ನೊಂದನ್ನೂ ಗಮನಿಸಿ. ನಾಲ್ಕನೇ ವಚನದವರೆಗೆ ಅಳು. ಐದನೇದರಲ್ಲಿ, ನಾನಂತೂ ನಿನ್ನ ಪ್ರೀತಿಯಲ್ಲಿ ಭರವಸೆ ಇಟ್ಟಿದ್ದೇನೆ ಎಂದು ಬರುತ್ತದೆ. ನಡುವೆ ಏನಾಯಿತು? ಹೊರಗೆ ಏನೂ ಆಗಿಲ್ಲ. ವೈರಿ ಹೋಗಲಿಲ್ಲ, ಕಷ್ಟ ತೀರಲಿಲ್ಲ. ಅತ್ತದ್ದು ದೇವರ ಮುಂದೆ ಎಂಬುದೊಂದೇ ವ್ಯತ್ಯಾಸ. 88ನೇ ಕೀರ್ತನೆಯಲ್ಲಿ ಅಂಥ ತಿರುವೂ ಇಲ್ಲ. ಕತ್ತಲೆಯಲ್ಲೇ ಮುಗಿಯುತ್ತದೆ. ಆದರೂ ಅದು ಪವಿತ್ರ ಗ್ರಂಥದಲ್ಲಿದೆ, ಯಾರೂ ತೆಗೆದುಹಾಕಲಿಲ್ಲ. ಧೈರ್ಯದ ಒಂದು ಸಾಲೂ ಬಾರದ ರಾತ್ರಿಯಲ್ಲಿ ನೀವು ಪ್ರಾರ್ಥಿಸಿದರೆ, ಆ ಪ್ರಾರ್ಥನೆಗೂ ಬೈಬಲಿನಲ್ಲಿ ಜಾಗ ಇದೆ ಎಂದು ತಿಳಿಯಿರಿ.

ಕೀರ್ತನೆಯ ಜೊತೆಗೆ ಒಂದು ಚಿಕ್ಕ ಪುಸ್ತಕ ಆರಿಸಿ, ತಲೆಯಿಂದ ಬಾಲದವರೆಗೆ ಓದಿ. ಫಿಲಿಪ್ಪಿಯವರಿಗೆ ಬರೆದ ಪತ್ರ ನಾಲ್ಕೇ ಅಧ್ಯಾಯ, 104 ವಚನ. ಗಟ್ಟಿಯಾಗಿ ಓದಿದರೂ ಕಾಲು ಗಂಟೆ, ಇಪ್ಪತ್ತು ನಿಮಿಷ. ಪತ್ರ ಬರೆದಾಗ ಅದರಲ್ಲಿ ಅಧ್ಯಾಯವೂ ಇರಲಿಲ್ಲ, ವಚನದ ನಂಬರೂ ಇರಲಿಲ್ಲ. ಈಗಿನ ಅಧ್ಯಾಯಗಳು ಬಂದದ್ದು 13ನೇ ಶತಮಾನದಲ್ಲಿ. ಹೊಸ ಒಡಂಬಡಿಕೆಗೆ ಈಗಿನ ವಚನ ಸಂಖ್ಯೆಗಳನ್ನು ಹಾಕಿದ್ದು ರಾಬರ್ಟ್ ಎಸ್ತಿಯೆನ್ ಎಂಬ ಮುದ್ರಕ, 1551ರಲ್ಲಿ. ಹುಡುಕಲು ಅನುಕೂಲವಾಗಲಿ ಎಂದು ಬಂದ ಸಂಖ್ಯೆಗಳು ಅವು. ಅದಕ್ಕೂ ಮೊದಲು 1,500 ವರ್ಷ ಕ್ರೈಸ್ತರು ಸಭೆಯಲ್ಲಿ ಪತ್ರವನ್ನು ಪತ್ರವಾಗಿಯೇ ಕೇಳಿದರು.

ಹಾಗೆ ಓದಿದಾಗ 4:13 ಬೇರೆಯೇ ಆಗಿ ಕೇಳುತ್ತದೆ. ನನ್ನನ್ನು ಬಲಪಡಿಸುವಾತನಲ್ಲಿ ಎಲ್ಲಕ್ಕೂ ಶಕ್ತನಾಗಿದ್ದೇನೆ ಎಂಬ ವಚನ. ಪರೀಕ್ಷೆಗೆ ಹೋಗುವ ಮಕ್ಕಳ ಪೆನ್ಸಿಲ್ ಡಬ್ಬಿಯ ಮೇಲೆಲ್ಲ ಇರುತ್ತದೆ. ಪೌಲ ಇದನ್ನು ಬರೆದದ್ದು ಸೆರೆಯಲ್ಲಿ. ಆ ಕಾಲದಲ್ಲಿ ಸೆರೆಯಲ್ಲಿದ್ದವರ ಊಟ, ಬಟ್ಟೆ ಹೆಚ್ಚಾಗಿ ನೆಂಟರು, ಗೆಳೆಯರು ತಂದುಕೊಟ್ಟರೇ ಉಂಟು. ಫಿಲಿಪ್ಪಿಯ ಸಭೆ ಎಪಫ್ರೊದೀತನ ಕೈಯಲ್ಲಿ ಸಹಾಯ ಕಳಿಸಿತ್ತು. ಅದಕ್ಕೆ ವಂದನೆ ಹೇಳುವಾಗ ಪೌಲ, ಹೊಟ್ಟೆ ತುಂಬಿದರೂ ಗೊತ್ತು, ಹಸಿದಿದ್ದರೂ ಗೊತ್ತು, ಎರಡರಲ್ಲೂ ಇರಲು ಕಲಿತಿದ್ದೇನೆ ಅನ್ನುತ್ತಾನೆ. ಅದರ ಮುಂದಿನ ಸಾಲು 13ನೇ ವಚನ. 14ನೇದನ್ನೂ ಓದಿ. ಆದರೂ ನನ್ನ ಕಷ್ಟದಲ್ಲಿ ನೀವು ಪಾಲು ತೆಗೆದುಕೊಂಡದ್ದು ಒಳ್ಳೆಯದಾಯಿತು ಅನ್ನುತ್ತಾನೆ. ದೇವರ ಬಲದಿಂದ ಎಲ್ಲಕ್ಕೂ ಶಕ್ತ ಎಂದ ಮನುಷ್ಯ ಮರುಗಳಿಗೆಯಲ್ಲೇ ಜನರ ಸಹಾಯಕ್ಕೆ ಧನ್ಯವಾದ ಹೇಳುತ್ತಾನೆ.

ಇದನ್ನು ನಿಮ್ಮ ಮನೆಗೆ ತರುತ್ತೇನೆ. ನಿಮ್ಮ ಪಾಸ್ಟರ್ ಹತ್ತಿರ, ಸಭೆಯ ಹಿರಿಯರ ಹತ್ತಿರ ಕಷ್ಟ ಹೇಳಿಕೊಂಡಿದ್ದೀರಾ? ‘ಪ್ರಾರ್ಥನೆ ಮಾಡಿ’ ಎಂದಷ್ಟೇ ಹೇಳಬೇಡಿ. ಸಾಲ ಇಷ್ಟಿದೆ, ಬಡ್ಡಿ ಇಷ್ಟು, ಮನೆಯವರಿಗೆ ಇಂಥ ಕೆಲಸ ಬರುತ್ತದೆ, ವಾರದಲ್ಲಿ ಎರಡು ಮಧ್ಯಾಹ್ನ ಯಾರಾದರೂ ಅತ್ತೆಯ ಹತ್ತಿರ ಕೂತರೆ ನನಗೆ ಹೊರಗೆ ಹೋಗಲು ಆಗುತ್ತದೆ ಎಂದು ಬಿಡಿಸಿ ಹೇಳಿ. ಮಹಿಳಾ ಕೂಟದವರಿಗೂ ಹೇಳಿ. ನಾಚಿಕೆ ಬೇಡ. ಅಪೊಸ್ತಲರ ಕೃತ್ಯಗಳ 6ನೇ ಅಧ್ಯಾಯದಲ್ಲಿ ಏಳು ಜನರನ್ನು ಆರಿಸಿದ್ದು ಇಂಥದ್ದಕ್ಕೇ. ವಿಧವೆಯರಿಗೆ ದಿನದ ಊಟ ಸರಿಯಾಗಿ ಹಂಚಲಿಕ್ಕೆ. ನಿಮ್ಮ ಕಷ್ಟ ಕೇಳುವುದು ಸಭೆಯ ಕೆಲಸವೇ. ನೀವು ಕೇಳದಿದ್ದರೆ ಅವರಿಗೆ ಗೊತ್ತಾಗುವುದಾದರೂ ಹೇಗೆ?

ನಾಳೆಯ ಚಿಂತೆ ಬೇಡ ಎಂದು ಯೇಸು ಹೇಳಿದ್ದನ್ನು ಕೆಲವರು ಲೆಕ್ಕ ಇಡುವುದೇ ಬೇಡ ಎಂದು ತಿಳಿಯುತ್ತಾರೆ. ಯೇಸು ಕಲಿಸಿದ ಪ್ರಾರ್ಥನೆಯಲ್ಲಿ ದಿನದ ರೊಟ್ಟಿಯನ್ನು ಆ ದಿನಕ್ಕೆ ಕೇಳುತ್ತೇವೆ. ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ಮನ್ನಾ ಎಂಬ ಆಹಾರ ಬಿದ್ದದ್ದೂ ಹಾಗೇ, ಆಯಾ ದಿನಕ್ಕೆ ಬೇಕಾದಷ್ಟು. ಮರುದಿನಕ್ಕೆ ಇಟ್ಟದ್ದು ಹುಳ ಬಿತ್ತು. ಆದರೆ ದಿನವೂ ಬೆಳಿಗ್ಗೆ ಎದ್ದು ಹೋಗಿ ಕೂಡಿಸಿಕೊಳ್ಳಲೇಬೇಕಿತ್ತು. ಮನೆಯವರು ಕೆಲಸ ಹುಡುಕುವುದು, ನೀವು ನೋಟ್‌ಬುಕ್ಕಿನಲ್ಲಿ ಸಾಲದ ಲೆಕ್ಕ ಬರೆಯುವುದು ಈ ಕೂಡಿಸಿಕೊಳ್ಳುವ ಕೆಲಸ. ಅದರಲ್ಲಿ ಅಪನಂಬಿಕೆ ಏನೂ ಇಲ್ಲ.

ಇನ್ನು ಆ ಬೀಜದ ಕಾಣಿಕೆ. 2 ಅರಸುಗಳು 4ನೇ ಅಧ್ಯಾಯದ ಮೊದಲ ಏಳು ವಚನ ಓದಿ. ಒಬ್ಬ ಪ್ರವಾದಿಯ ವಿಧವೆ ಎಲೀಷನ ಹತ್ತಿರ ಬರುತ್ತಾಳೆ. ಗಂಡ ಸತ್ತಿದ್ದಾನೆ, ದೇವರಿಗೆ ಹೆದರಿ ನಡೆದವನು. ಸಾಲ ಕೊಟ್ಟವನು ಬಂದು ಇಬ್ಬರು ಮಕ್ಕಳನ್ನು ಜೀತಕ್ಕೆ ಎಳೆದುಕೊಂಡು ಹೋಗಲು ನಿಂತಿದ್ದಾನೆ. ಎಲೀಷ ಅವಳಿಂದ ಏನು ಕೇಳಿದ? ನಿನ್ನ ಮನೆಯಲ್ಲಿ ಏನಿದೆ ಎಂದು ಕೇಳಿದ. ಕೊಡು ಎನ್ನಲಿಲ್ಲ. ಒಂದು ಮೊಗೆ ಎಣ್ಣೆ ಇತ್ತು. ನೆರೆಮನೆಗಳಿಂದ ಪಾತ್ರೆ ತರಿಸಿ, ಬಾಗಿಲು ಮುಚ್ಚಿಸಿ, ಎಣ್ಣೆ ಹೊಯ್ಯಿಸಿದ. ಪಾತ್ರೆಗಳೆಲ್ಲ ತುಂಬಿದವು. ಆಮೇಲೆ ಹೇಳಿದ ಮಾತು ಮುಖ್ಯ. ಹೋಗಿ ಎಣ್ಣೆ ಮಾರು, ಸಾಲ ತೀರಿಸು, ಉಳಿದದ್ದರಲ್ಲಿ ನೀನೂ ಮಕ್ಕಳೂ ಬದುಕಿ. ದೇವರ ಮನುಷ್ಯ ಅದರಲ್ಲಿ ಒಂದು ಚಮಚ ಎಣ್ಣೆಯನ್ನೂ ತನಗೆ ಇಟ್ಟುಕೊಳ್ಳಲಿಲ್ಲ. ಮುಂದಿನ ಅಧ್ಯಾಯದಲ್ಲಿ ಅದೇ ಎಲೀಷ, ಕುಷ್ಠ ವಾಸಿಯಾದ ಸೇನಾಪತಿ ನಾಮಾನನ ಬೆಳ್ಳಿ, ಬಂಗಾರ ಬೇಡವೇ ಬೇಡ ಅಂದ. ಹಿಂದೆ ಓಡಿಹೋಗಿ ಇಸಿದುಕೊಂಡ ಸೇವಕ ಗೇಹಜಿಗೆ ಅದೇ ಕುಷ್ಠ ಹತ್ತಿತು ಎಂದು ನಿಮಗೆ ಗೊತ್ತೇ ಇದೆ.

ಕಾಣಿಕೆ ಕೊಡುವುದು ಒಳ್ಳೆಯದು. ಸಂತೋಷದಿಂದ, ಇದ್ದದ್ದರಲ್ಲಿ ಕೊಡಿ. ಪೌಲನೇ 2 ಕೊರಿಂಥ 8:12ರಲ್ಲಿ, ಒಬ್ಬನ ಹತ್ತಿರ ಇರುವುದಕ್ಕೆ ತಕ್ಕ ಹಾಗೆ ಕೊಟ್ಟದ್ದು ಮೆಚ್ಚಿಕೆ, ಇಲ್ಲದ್ದನ್ನು ಕೇಳುವುದಿಲ್ಲ ಅನ್ನುತ್ತಾನೆ. ಸಾಲ ತಂದು ಕೊಟ್ಟ ಹತ್ತು ಸಾವಿರ ನಿಮ್ಮದಲ್ಲ, ಸಾಲ ಕೊಟ್ಟವನದು. ಅವರು ಮತ್ತೆ ಬಂದು, ಕೊಡದಿದ್ದರೆ ಶಾಪ ತಟ್ಟುತ್ತದೆ ಎಂದು ಹೆದರಿಸಿದರೆ, ಮನೆಯವರು ಇರುವಾಗಲೇ ಇಲ್ಲ ಎಂದು ಹೇಳಿ ಕಳಿಸಿಬಿಡಿ. ನಿಮ್ಮ ಪಾಸ್ಟರಿಗೂ ಈ ವಿಷಯ ತಿಳಿಸಿ. ನಿಮ್ಮ ಸಭೆಯಲ್ಲಿ ಇನ್ನೆಷ್ಟು ಮನೆಗೆ ಅವರು ಹೋಗಿದ್ದಾರೋ.

ಅತ್ತೆಯವರಿಗೆ ಏನು ಓದಲಿ ಎಂದು ಕೇಳಿದ್ದೀರಿ. 71ನೇ ಕೀರ್ತನೆ ಓದಿ. ಮುಪ್ಪಿನವರ ಪ್ರಾರ್ಥನೆ ಅದು. ನನ್ನ ಬಲ ಕುಗ್ಗಿದಾಗ ಕೈಬಿಡಬೇಡ ಎಂದು 9ನೇ ವಚನದಲ್ಲಿ, ನರೆಗೂದಲಿನ ಕಾಲದಲ್ಲೂ ಬಿಡಬೇಡ ಎಂದು 18ನೇದರಲ್ಲಿ ಇದೆ. ಅವರು ಚಿಕ್ಕಂದಿನಿಂದ ಕೇಳಿ ಬೆಳೆದ ಹಳೆಯ ಕನ್ನಡ ಬೈಬಲಿನಿಂದಲೇ ಓದಿ. ಬಳ್ಳಾರಿಗೆ 1810ರಲ್ಲಿ ಬಂದ ಜಾನ್ ಹ್ಯಾಂಡ್ಸ್ ಮತ್ತು ಜೊತೆಗಾರರು ದುಡಿದು, 1831ರ ಹೊತ್ತಿಗೆ ಇಡೀ ಬೈಬಲನ್ನು ಕನ್ನಡದಲ್ಲಿ ಅಚ್ಚು ಮಾಡಿದರು. ಆಮೇಲೆ ಎಷ್ಟೋ ಸಲ ತಿದ್ದಿದ್ದಾರೆ. ಆ ಓದಿನ ಧಾಟಿ ಹಿರಿಯರ ಕಿವಿಯಲ್ಲಿ ಕೂತಿರುತ್ತದೆ. ನಿಮಗೆ ಅದು ಕಷ್ಟ ಅನ್ನಿಸಿದರೆ ನಿಮ್ಮ ಸ್ವಂತ ಓದಿಗೆ ಸರಳ ಕನ್ನಡದ ಅನುವಾದ ಇಟ್ಟುಕೊಳ್ಳಿ, ತಪ್ಪೇನಿಲ್ಲ. ಓದಲು ಪುರುಸೊತ್ತು ಇಲ್ಲದ ದಿನ ಮೊಬೈಲಿನಲ್ಲಿ ಕನ್ನಡ ಆಡಿಯೊ ಬೈಬಲ್ ಹಾಕಿ ಅವರ ತಲೆದಿಂಬಿನ ಹತ್ತಿರ ಇಡಿ.

ಲಕ್ವ ಹೊಡೆದವರಿಗೆ ಮಾತು ತಡವರಿಸಿದರೂ, ಬಾಯಿಪಾಠ ಬರುವ ಕೀರ್ತನೆ, ಹಾಡು ಕೆಲವೊಮ್ಮೆ ಸಲೀಸಾಗಿ ಬರುತ್ತದೆ. 23ನೇ ಕೀರ್ತನೆಯ ಒಂದು ವಚನ ನೀವು ಹೇಳಿ, ಸ್ವಲ್ಪ ನಿಲ್ಲಿಸಿ. ಮುಂದಿನದನ್ನು ಹೇಳಲು ಅವರಿಗೆ ಸಮಯ ಕೊಡಿ. ಪದ ಸಿಗದೆ ಒದ್ದಾಡಿದರೆ ಅವಸರಪಡಿಸಬೇಡಿ, ತಿದ್ದಲೂ ಬೇಡಿ. ಫಿಸಿಯೊಥೆರಪಿಗೆ ಹೋದಾಗ ಮಾತಿನ ತರಬೇತಿ ಕೊಡುವವರು ಅಲ್ಲಿ ಇದ್ದಾರಾ ಎಂದೂ ವಿಚಾರಿಸಿ. ದೊಡ್ಡ ಸರ್ಕಾರಿ ಆಸ್ಪತ್ರೆಗಳಲ್ಲೂ ಕೇಳಿ ನೋಡಿ.